ಆ ಐದು ಸೀಬೆಕಾಯಿ

ಅವ್ವ ಅಡುಗೆ ಮಾಡುವ ಮನೆಯ ಮಗುವನ್ನು ಒಂದು ಬೆಳಿಗ್ಗೆ ಅದರ ಶಾಲೆಗೆ ಬಿಡಲು ಹೋಗಿದ್ದೆ. ಇಂದಿರಾನಗರದ ಮಕ್ಕಳ ಶಾಲೆ. ಒಳಗೆ ಒಂದು ಮೂಲೆಯಲ್ಲಿ ಆಟದ ಅಂಗಡಿ ಇಟ್ಟಿದ್ದರು. ಪ್ಲಾಸ್ಟಿಕ್ ಕ್ಯಾರೆಟ್, ಪ್ಲಾಸ್ಟಿಕ್ ಬದನೆಕಾಯಿ, ಗುಂಡಿ ಒತ್ತಿದರೆ ಟಿಂಗ್ ಎನ್ನುವ ಗಲ್ಲಾಪೆಟ್ಟಿಗೆ. ಒಂದು ಮಗು ಕೊಡುತ್ತದೆ, ಇನ್ನೊಂದು ಮಗು ತೆಗೆದುಕೊಳ್ಳುತ್ತದೆ, ಎರಡೂ ಥ್ಯಾಂಕ್ಯೂ ಎನ್ನುತ್ತವೆ.

"ನಾವು ಗಣಿತಾನೂ ಆಟದ ಮೂಲಕಾನೇ ಕಲಿಸ್ತೀವಿ ಮೇಡಂ" ಎಂದರು ಅಲ್ಲಿನ ಟೀಚರು.

"ಇಲ್ಲಿ ಜಗಳ ಆಗಲ್ವಾ?" ಎಂದು ಕೇಳಿದೆ.

"ಛೇ ಛೇ, ಜಗಳಕ್ಕೆ ನಾವು ಬಿಡೋದೇ ಇಲ್ಲ."

ಹಾಗಾದರೆ ಅದು ಅಂಗಡಿಯೇ ಅಲ್ಲ ಎನ್ನುವುದು ನನ್ನ ವಾದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ 'ಆಟವೋ ಪಾಠವೋ' ಎಂಬ ವಿಷಯದ ಮೇಲೆ ನಾನು ಪರವಾಗಿಯೂ ಮಾತಾಡಿದ್ದೇನೆ, ವಿರೋಧವಾಗಿಯೂ ಮಾತಾಡಿದ್ದೇನೆ. ಎರಡೂ ಕಡೆ ನಿಂತವಳಿಗೆ ಒಂದು ಸಂಗತಿ ಕಾಣುತ್ತದೆ: ಆಟ ಆಡಿದರೆ ಹಾಳಾಗುತ್ತಾರೆ ಎನ್ನುವವರೂ, ಆಟದಲ್ಲಿ ಪಾಠ ಬೆರೆಸಿ ಕೊಟ್ಟರೆ ಮಕ್ಕಳು ಗೊತ್ತಾಗದಂತೆ ನುಂಗುತ್ತಾರೆ ಎನ್ನುವವರೂ ಒಂದೇ ಮಾತನ್ನು ನಂಬಿದ್ದಾರೆ. ಪಾಠ ಕಹಿ ಎನ್ನುವುದನ್ನು. ನಾನು ನಂಬುವುದಿಲ್ಲ. ಗಣಿತ ನಮಗೆ ಕಹಿಯಾಗಿರಲಿಲ್ಲ. ಅದಕ್ಕಾಗಿ ನಾವು ಕೂದಲು ಹಿಡಿದು ಎಳೆದಾಡಿದ್ದೇವೆ. ಬೇಡವಾದ ವಸ್ತುವಿಗೆ ಯಾರೂ ಹಾಗೆ ಎಳೆದಾಡುವುದಿಲ್ಲ.

ನನ್ನ ಬಳಿ ಇರುವ ಸಾಕ್ಷಿ ಒಬ್ಬಳೇ ಹುಡುಗಿ. ಒಂದು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ 'ಆ ಹುಡುಗಿಗೆ ಲೆಕ್ಕವೇ ಬರುವುದಿಲ್ಲ' ಎಂದು ಯಾರಾದರೂ ಹೇಳಿದರೆ, ಆ ಮಾತನ್ನು ಮುರಿಯಲು ಆ ಒಬ್ಬಳು ಸಾಕು.

ನಾವಿದ್ದದ್ದು ಹಲಸೂರು ಮಾರುಕಟ್ಟೆಯ ಹಿಂದಿನ ಗಲ್ಲಿಯ ಒಂದು ವಠಾರದಲ್ಲಿ. ಎದುರುಬದುರು ಬಾಡಿಗೆ ಕೋಣೆಗಳು, ಕೊನೆಯಲ್ಲಿ ನೀರಿನ ಟ್ಯಾಂಕಿಗೆ ಹತ್ತುವ ಮೆಟ್ಟಿಲು. ಅಪ್ಪ, ಅವ್ವ ರಾಯಚೂರು ಕಡೆಯವರು. ಅಪ್ಪ ಸಿ.ವಿ. ರಾಮನ್ ನಗರದಲ್ಲಿ ಏಳುತ್ತಿದ್ದ ಕಟ್ಟಡಗಳ ಕೆಲಸಕ್ಕೆ ಹೋಗುತ್ತಿದ್ದ. ನಾನು ಮೂರನೇ ತರಗತಿಯಲ್ಲಿದ್ದಾಗ ಎದುರು ಕೋಣೆಗೆ ಶಿವಾಜಿನಗರದಿಂದ ಆ ಹುಡುಗಿಯ ಸಂಸಾರ ಬಂತು. ಮನೆಯಲ್ಲಿ ದಖನಿ ಮಾತು. ಅವಳ ಅಬ್ಬಾ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದರು. ಅವಳು ನನ್ನ ವಯಸ್ಸಿನವಳು, ಅವಳ ತಮ್ಮ ಒಂದು ವರ್ಷ ಚಿಕ್ಕವನು. ಅಲ್ಲಿಯವರೆಗೆ ಉರ್ದು ಶಾಲೆಗೆ ಹೋಗುತ್ತಿದ್ದ ಇಬ್ಬರನ್ನೂ, ಹತ್ತಿರ ಎಂಬ ಒಂದೇ ಕಾರಣಕ್ಕೆ ನಮ್ಮ ಕನ್ನಡ ಶಾಲೆಗೆ ಹಾಕಿದರು. ತರಗತಿಯಲ್ಲಿ ಅವಳು ಗೋಡೆಯ ಹಾಗೆ ಕೂತಿರುತ್ತಿದ್ದಳು. ಮಿಸ್ ಏನು ಕೇಳಿದರೂ ಎದ್ದು ನಿಲ್ಲುತ್ತಿದ್ದಳು, ಅಷ್ಟೇ.

ಟ್ಯಾಂಕಿನ ಮೆಟ್ಟಿಲ ಮೇಲೆ ಅದೇ ಹುಡುಗಿ ಬೇರೆ. ಅಲ್ಲಿ ನಮ್ಮ ಆಟದ ಅಂಗಡಿ: ಇಟ್ಟಿಗೆ ಪುಡಿ ಖಾರದಪುಡಿ, ಮರಳು ಸಕ್ಕರೆ, ಜಲ್ಲಿಕಲ್ಲು ಆಲೂಗಡ್ಡೆ, ಹೊಂಗೆ ಎಲೆ ನೋಟು. "ಕ್ಯಾ ಹೋನಾ? ಏನ್ ಬೇಕು? ಬೇಗ ಹೇಳಮ್ಮಾ, ಹಿಂದೆ ಜನ ನಿಂತವ್ರೆ" ಎಂದು ಅವಳು ಕೂಗಿದರೆ ಹಿಂದೆ ನಿಜವಾಗಿಯೂ ಜನ ನಿಂತಿದ್ದಾರೇನೋ ಎಂದು ನಾನು ತಿರುಗಿ ನೋಡುತ್ತಿದ್ದೆ. ಇರುತ್ತಿದ್ದದ್ದು ಅವಳ ತಮ್ಮ ಒಬ್ಬನೇ.

ಮೊದಲ ಜಗಳ ತಕ್ಕಡಿಯದು. ಎರಡು ತೆಂಗಿನ ಚಿಪ್ಪಿಗೆ ದಾರ ಕಟ್ಟಿ ಕಡ್ಡಿಗೆ ತೂಗುಹಾಕಿ ನಾನೇ ಮಾಡಿದ್ದೆ. ಅವಳು ಒಂದು ಚಿಪ್ಪಿಗೆ ಕಲ್ಲು ಹಾಕಿದಳು, ಇನ್ನೊಂದಕ್ಕೆ ಮರಳು ಸುರಿದು ಸಮ ಮಾಡಿದಳು. ನನಗೆ ಖುಷಿ. ಅವಳು ಮಾತಾಡದೆ ಕಲ್ಲನ್ನು ಆ ಕಡೆಗೂ ಮರಳನ್ನು ಈ ಕಡೆಗೂ ಅದಲುಬದಲು ಮಾಡಿದಳು. ತಕ್ಕಡಿ ಒಂದು ಕಡೆಗೆ ವಾಲಿತು.

"ನಿನ್ ತಕ್ಕಡಿ ಸುಳ್ಳು ಹೇಳ್ತದೆ" ಎಂದಳು.

"ಗಾಳಿಗೆ ಹಂಗಾಯ್ತು."

"ಗಾಳಿ ಒಂದೇ ಕಡೆಗೆ ಬೀಸ್ತದಾ? ಕಳ್ಳಿ!"

ಒಂದು ಚಿಪ್ಪು ದಪ್ಪ, ಇನ್ನೊಂದು ತೆಳು. ತೆಳು ಚಿಪ್ಪಿನ ತಳಕ್ಕೆ ಜೇಡಿಮಣ್ಣು ಮೆತ್ತಿ, ಒಣಗಿಸಿ, ಮತ್ತೆ ಮೆತ್ತಿ ಸಮ ಮಾಡುವ ಹೊತ್ತಿಗೆ ಸಂಜೆಯಾಗಿತ್ತು. ದೊಡ್ಡ ತರಗತಿಯಲ್ಲಿ ಸಮೀಕರಣ ಬಂತು. ಎಡಗಡೆ ಏನು ಮಾಡಿದರೂ ಬಲಗಡೆಯೂ ಅದನ್ನೇ ಮಾಡಬೇಕು ಎಂದು ಮೇಷ್ಟ್ರು ಒಂದು ಪೀರಿಯಡ್ಡು ಪೂರ್ತಿ ಹೇಳಿದರು. ಇಷ್ಟಕ್ಕೆ ಇಷ್ಟೊಂದು ಗಲಾಟೆ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

ತಕ್ಕಡಿ ಸರಿಹೋದ ಮೇಲೆ ತೂಕದ ಕಲ್ಲಿನ ತಕರಾರು. ಈ ಜಲ್ಲಿಕಲ್ಲು ಕಾಲು ಕೇಜಿ ಎಂದು ಹೇಳಿದವರು ಯಾರು? ನಾನು ಮನೆಯಿಂದ ಕವರು ಬಿಚ್ಚದ ಸೋಪು ತಂದೆ. ಕವರಿನ ಮೇಲೆ ಗ್ರಾಂ ಅಚ್ಚಾಗಿತ್ತು. ಸೋಪಿಗೆ ಸಮ ತೂಗುವ ಕಲ್ಲು ಆರಿಸಿದೆವು, ಸೋಪು ಮತ್ತು ಕಲ್ಲು ಸೇರಿಸಿ ಅದಕ್ಕೆ ಸಮನಾದ ಇನ್ನೊಂದು ಕಲ್ಲು. ಹಾಗೆ ಕಲ್ಲುಗಳ ಒಂದು ಸಂಸಾರವೇ ಬೆಳೆಯಿತು. ಅಷ್ಟರಲ್ಲಿ ಅವ್ವ ಸ್ನಾನಕ್ಕೆ ಸೋಪು ಹುಡುಕುತ್ತ ಹೊರಗೆ ಬಂದಳು.

"ಮೈ ತೊಳಿಯೋ ಸಾಬಾನ ತೂಕದ ಕಲ್ಲು ಮಾಡ್ಯಾರ ನೋಡ್ರಿ! ಶಾಲಿಗೆ ಕಳಿಸಿದ್ರ ಮಿಸ್ ಮುಂದ ತುಟಿ ಬಿಚ್ಚಂಗಿಲ್ಲ, ಇಲ್ಲಿ ನೋಡಿದ್ರ ಸಂತಿ ಗದ್ದಲ."

ಅವ್ವನ ಮಾತಿನಲ್ಲಿ ಒಂದು ಪ್ರಶ್ನೆ ಇತ್ತು. ಅಲ್ಲಿ ಬಿಚ್ಚದ ತುಟಿ ಇಲ್ಲಿ ಯಾಕೆ ಬಿಚ್ಚುತ್ತದೆ? ನನ್ನ ಉತ್ತರ ಈಗಲೂ ಅದೇ: ಶಾಲೆಯಲ್ಲಿ ಸರಿಯಾದ ಉತ್ತರ ಮಿಸ್ ಬಳಿ ಮೊದಲೇ ಇರುತ್ತಿತ್ತು. ಮೆಟ್ಟಿಲ ಮೇಲೆ ಅದು ಯಾರ ಬಳಿಯೂ ಇರಲಿಲ್ಲ. ಎದುರಿಗಿದ್ದವಳನ್ನು ಒಪ್ಪಿಸಬೇಕಿತ್ತು, ಅವಳಂತೂ ಸುಲಭಕ್ಕೆ ಒಪ್ಪುವವಳಲ್ಲ.

ಓದು ಬಂದದ್ದೂ ಹೀಗೆಯೇ. ಅಂಗಡಿಗೆ ಬೋರ್ಡು ಬೇಕು ಎಂದು ಒಂದು ರಟ್ಟು ಹಿಡಿದು, ಇದ್ದಿಲಿನಿಂದ ನಾನು ಎಡದಿಂದ ಕನ್ನಡದಲ್ಲಿ ಬರೆಯುತ್ತ ಹೊರಟೆ, ಅವಳು ಬಲದಿಂದ ಉರ್ದುವಿನಲ್ಲಿ. ನಡುವೆ ಜಾಗ ಸಾಲದೆ ಇಬ್ಬರ ಅಕ್ಷರಗಳೂ ಒಂದರ ಮೇಲೊಂದು ಹತ್ತಿದವು. "ಏನ್ ಬರ್ದೆ?" ಎಂದು ಕೇಳಿದಳು. "ಎಲ್ಲಾ ಸಾಮಾನು ಸಿಗತ್ತೆ ಅಂತ" ಎಂದೆ. ನಾನು ಬರೆದದ್ದು 'ಈ ಅಂಗಡಿ ನನ್ನದು' ಎಂದು. ಅವಳಿಗೆ ಅನುಮಾನ ಬಂತು. ಕನ್ನಡ ಪುಸ್ತಕ ತೆಗೆದುಕೊಂಡು ಒಂದೊಂದೇ ಅಕ್ಷರ ಹೊಂದಿಸಿ ನೋಡಿ ನನ್ನನ್ನು ಹಿಡಿದಳು. ಆಮೇಲೆ ನನಗೆ ಅನುಮಾನ ಬಂತು, ಅವಳೇನು ಬರೆದಿದ್ದಾಳೆ ಎಂದು. ನಾನು ಅವಳ ತಮ್ಮನಿಗೆ ಒಂದು ಬೋಟಿ ಪ್ಯಾಕೆಟ್ಟು ಕೊಡಿಸಿ ಓದಿಸಿದೆ. ಅವಳೂ ಅದನ್ನೇ ಬರೆದಿದ್ದಳು. ಭಾಷೆ ಪ್ರೀತಿಯಿಂದ ಬರುತ್ತದೆ ಎಂದು ವೇದಿಕೆಯ ಮೇಲೆ ಹೇಳುವವರನ್ನು ನಾನು ತಡೆಯುವುದಿಲ್ಲ. ನಮ್ಮಿಬ್ಬರಿಗೆ ಅದು ಅಪನಂಬಿಕೆಯಿಂದ ಬಂತು, ಗಟ್ಟಿಯಾಗಿ ಉಳಿಯಿತು.

ಇನ್ನು ಕೊಸರಿನ ವಿಷಯ. ಅದನ್ನು ಆಟಕ್ಕೆ ತಂದವರು ಮೇಲಿನ ಮನೆಯ ತಮಿಳು ಪಾಟಿ. ಅಜ್ಜಿ ಒಂದು ಸಂಜೆ ಬಟ್ಟೆ ಒಣಹಾಕಿ ಇಳಿಯುತ್ತ ನಮ್ಮ ಅಂಗಡಿಯ ಮುಂದೆ ನಿಂತರು. ಅವರ ಮುಖದಲ್ಲಿ ನಗುವಿರಲಿಲ್ಲ. ನಿಜವಾದ ಗಿರಾಕಿಯಂತೆ ಹುಬ್ಬು ಗಂಟಿಕ್ಕಿ ಕಲ್ಲಿನ ಆಲೂಗಡ್ಡೆ ಮುಟ್ಟಿ ನೋಡಿ, ಬೆಲೆ ಚೌಕಾಸಿ ಮಾಡಿ, ಸೆರಗು ಒಡ್ಡಿದರು. ಹಾಕಿದೆವು. ಸೆರಗು ಹಾಗೇ ಹಿಡಿದುಕೊಂಡು ನಿಂತರು.

"ಕೊಸುರು ಎಂಗೆ?"

ಕೊಸರು ಎಲ್ಲಿ ಎಂದು ಅವರು ಕೇಳುತ್ತಿದ್ದರು, ನಾವು ಅದನ್ನು ಇಟ್ಟೇ ಇರಲಿಲ್ಲ. "ಕೊಸುರು ಇಲ್ಲಿಯಾ? ಅಪ್ಪೊ ವೇಂಡಾ, ಪೋ" ಎಂದರು. ಕೊಸರಿಲ್ಲದಿದ್ದರೆ ಬೇಡ ಎಂದು ಎಲ್ಲ ಕಲ್ಲನ್ನೂ ನಮ್ಮ ಮುಂದೆ ಸುರಿದು ಮೆಟ್ಟಿಲಿಳಿದು ಹೋದರು.

ಅಳತೆ ಮುಗಿದ ಮೇಲೆ ಅಂಗಡಿಯವನು ಕೈಯೆತ್ತಿ ಹಾಕುವ ಹೆಚ್ಚಿನ ಒಂದಿಷ್ಟು, ಅದು ಕೊಸರು. ಕನ್ನಡದಲ್ಲೂ ಹೆಚ್ಚುಕಡಿಮೆ ಅದೇ ಮಾತು. ಸೊಪ್ಪಿನವಳು ಎರಡು ಕಡ್ಡಿ ಕೊತ್ತಂಬರಿ ಹಾಕುತ್ತಾಳಲ್ಲ, ಅದು. ನಾನು ಅದನ್ನು ದಾನ ಎಂದುಕೊಂಡಿದ್ದೆ. ಅವಳು ಅಲ್ಲ ಎಂದಳು.

"ಫ್ರೀ ಅಲ್ಲ ಅದು. ಅಬ್ಬಾ ಬೆಳಿಗ್ಗೆ ಗಾಡಿ ತುಂಬೋವಾಗ್ಲೇ ಇಷ್ಟು ಕೊಸರಿಗೆ ಅಂತ ಮನಸ್ಸಲ್ಲಿ ಬಿಟ್ಟಿರ್ತಾರೆ. ಆರು ಕೇಳಿದ್ರೆ ಏಳು ಹೋಗ್ತದೆ. ರೇಟ್ ಹೇಳೋವಾಗ್ಲೇ ಅದು ಸೇರಿರ್ತದೆ."

"ಹಂಗಾದ್ರೆ ಮೊದ್ಲೇ ಏಳು ಅಂತ ಹೇಳಿ ಮಾರ್ಬೋದಲ್ಲ?"

"ಏಳು ಅಂದ್ರೆ ಎಂಟನೇದು ಕೇಳ್ತಾರೆ, ಪಾಗಲ್!"

ಅಂದಿನಿಂದ ನಮ್ಮ ಅಂಗಡಿಯಲ್ಲಿ ಕೊಸರು ಕಾನೂನಾಯಿತು. ಆರು ಮಾರಿದರೆ ಏಳು ಕಳೆಯಬೇಕು. ಮರೆತವರು ಸಂಜೆಗೆ ಮಾಲು ಎಣಿಸುವಾಗ ಸಿಕ್ಕಿಬೀಳುತ್ತಿದ್ದರು. ಕೂಡುವುದು, ಕಳೆಯುವುದು, ಗುಣಿಸುವುದನ್ನು ಅವಳು ಕನ್ನಡದಲ್ಲಿ ಹೇಳಲು ಕಲಿತದ್ದು ಹೀಗೆ, ನನ್ನ ಮೇಲೆ ತಪ್ಪು ಹೊರಿಸಲು.

ನಾಲ್ಕನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಅವಳು ಗಣಿತದಲ್ಲಿ ಫೇಲಾದಳು.

ತೇರ್ಗಡೆ ಸ್ವಲ್ಪದರಲ್ಲಿ ತಪ್ಪಿತ್ತು. ಮತ್ತೆ ನಾಲ್ಕನೇ ತರಗತಿ ಎಂದರೆ, ಮೂರರಲ್ಲಿ ಪಾಸಾಗಿ ಬರುತ್ತಿದ್ದ ತಮ್ಮನ ಜೊತೆಗೆ. ಅವನಿಗೆ ಸಂಭ್ರಮವೋ ಸಂಭ್ರಮ. ವಠಾರದ ನಲ್ಲಿಯ ಹತ್ತಿರ ಎಲ್ಲರ ಮುಂದೆ, "ಆಪಾ, ನನ್ ಪಕ್ಕಾನೇ ಕೂತ್ಕೋ, ಆಯ್ತಾ? ನಾನ್ ಎಲ್ಲಾ ಹೇಳ್ಕೊಡ್ತೀನಿ" ಎಂದ. ಅವಳು ನೀರಿನ ಚೊಂಬು ಅವನ ಮೇಲೆ ಎಸೆದಳು. ಆಮೇಲೆ ನನಗೆ ಹೇಳಿದಳು: "ಅವನ್ ಪಕ್ಕ ಕೂರ್ಸಿದ್ರೆ ನಾನ್ ಸ್ಕೂಲಿಗೇ ಬರಲ್ಲ. ಕಸಮ್."

ಅವಳು ಇಟ್ಟ ಆಣೆಗೆ ತಪ್ಪುವವಳಲ್ಲ. ಮನೆಯಲ್ಲಿ ತಡೆಯುವವರೂ ಇರಲಿಲ್ಲ. ಬೇಡ ಎಂದರೆ ಬೇಡ, ಮನೆಯಲ್ಲಿ ಹೊಲಿಗೆ ಕಲಿಯಲಿ ಎಂದು ಅವಳ ಅಮ್ಮಿ ಆಗಲೇ ಹೇಳಿಯಾಗಿತ್ತು. ಬೈಗುಳದ ದನಿಯಲ್ಲಿ ಹೇಳಿದ್ದರೆ ಭಯವಿರುತ್ತಿರಲಿಲ್ಲ. ಅವರು ಸಮಾಧಾನದಿಂದ, ಅಕ್ಕಿ ಆರಿಸುತ್ತ ಹೇಳಿದರು.

ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಒಂದೇ ವಿಷಯದಲ್ಲಿ ಸ್ವಲ್ಪದರಲ್ಲಿ ಫೇಲಾದವರನ್ನು ಹೆಡ್‌ಮಿಸ್ಟ್ರೆಸ್ ತಮ್ಮ ಕೋಣೆಗೆ ಕರೆದು ಬಾಯಲ್ಲಿ ಒಂದು ಸಲ ಕೇಳುತ್ತಿದ್ದರು. ಅವರನ್ನು ನಾವು ದೊಡ್ಡ ಮಿಸ್ ಎನ್ನುತ್ತಿದ್ದೆವು. ಅವಳ ಸರದಿ ಬಂದಾಗ ನಾನೂ ಒಳಗೆ ನುಗ್ಗಿದೆ.

"ನೀನ್ ಯಾಕಮ್ಮಾ?" ಎಂದರು ದೊಡ್ಡ ಮಿಸ್.

"ಅವಳ ಕನ್ನಡ ನಿಮಗೆ ಅರ್ಥ ಆಗಲ್ಲ ಮಿಸ್, ನಾನು ಹೇಳ್ತೀನಿ."

ಇದು ಶುದ್ಧ ಸುಳ್ಳು. ಅವಳ ಕನ್ನಡ ಮಾರುಕಟ್ಟೆಗೆಲ್ಲ ಅರ್ಥವಾಗುತ್ತಿತ್ತು. ಪಕ್ಕದಲ್ಲಿ ನಮ್ಮ ಕ್ಲಾಸ್ ಮಿಸ್ ಉತ್ತರಪತ್ರಿಕೆ ಹಿಡಿದು ನಿಂತಿದ್ದರು. ಅವರು ಕೆಟ್ಟವರಲ್ಲ, ಅಷ್ಟೊಂದು ಮಕ್ಕಳನ್ನು ಒಬ್ಬರೇ ಸಂಭಾಳಿಸಿ ದಣಿದವರು. ಪತ್ರಿಕೆಯನ್ನು ಮೇಜಿನ ಮೇಲೆ ಹರಡಿದರು. "ನೋಡಿ ಮೇಡಂ, ಕಳೆಯೋದೇ ಬರಲ್ಲ ಇವಳಿಗೆ."

ಲೆಕ್ಕ ಹೀಗಿತ್ತು: ಒಬ್ಬ ವ್ಯಾಪಾರಿಯ ಬಳಿ ಅರವತ್ತು ಸೀಬೆಕಾಯಿ ಇವೆ, ಐದು ಜನರಿಗೆ ತಲಾ ಆರರಂತೆ ಮಾರಿದರೆ ಉಳಿದವು ಎಷ್ಟು? ಅವಳು ಬರೆದದ್ದು ಇಪ್ಪತ್ತೈದು. ಕೆಂಪು ಶಾಯಿಯಲ್ಲಿ ದೊಡ್ಡ ಗುಣಾಕಾರ ಚಿಹ್ನೆ.

ಇಪ್ಪತ್ತೈದು ಎಂದು ನೋಡಿದ ಕೂಡಲೇ ನನಗೆ ತಿಳಿದುಹೋಯಿತು. "ಮಿಸ್, ಅದು ತಪ್ಪಲ್ಲ, ಅವಳು ಏನ್ ಮಾಡಿದಾಳೆ ಅಂದ್ರೆ..."

"ನೀನು ಬಾಯ್ಮುಚ್ಚು" ಎಂದರು ದೊಡ್ಡ ಮಿಸ್. "ಅವಳಿಗೂ ಬಾಯಿದೆ. ಹೇಳಮ್ಮಾ, ಮೂವತ್ತು ಉಳೀಬೇಕಲ್ವಾ? ಇನ್ನೈದು ಎಲ್ಲಿ ಹೋಯ್ತು?"

ಅವಳು ಗೋಡೆಯಾಗುತ್ತಾಳೆ ಎಂದು ಹೆದರಿದೆ. ಆದರೆ ಪ್ರಶ್ನೆ ಹಣ್ಣಿನದು.

"ಕೊಸರು ಮಿಸ್."

"ಏನು?"

"ಐದು ಜನ ಬಂದ್ರು. ಒಬ್ಬೊಬ್ರಿಗೆ ಒಂದೊಂದು ಕೊಸರು. ಐದು ಹೋಯ್ತು."

ಕ್ಲಾಸ್ ಮಿಸ್‌ಗೆ ರೇಗಿತು. "ಲೆಕ್ಕದಲ್ಲಿ ಕೊಸರು ಅಂತ ಬರೆದಿದೆಯಾ? ತೋರಿಸು ನೋಡೋಣ."

"ಕೊಡಲಿಲ್ಲ ಅಂತಾನೂ ಬರ್ದಿಲ್ಲ ಮಿಸ್."

"ಇದೇನು ಮೇಡಂ ಇದು, ಎದುರು ಮಾತಾಡ್ತಾಳೆ!"

"ಇರಿ" ಎಂದರು ದೊಡ್ಡ ಮಿಸ್. ಅವರು ಕನ್ನಡಕ ಸರಿಮಾಡಿಕೊಂಡು ಬೇರೆ ಲೆಕ್ಕ ಕೇಳತೊಡಗಿದರು. ದಾರದ ಉದ್ದ, ಬಸ್ಸಿನ ಜನ, ಹಾಲಿನ ಲೀಟರು. ಕೊಸರು ಹಾಕಲು ಬಾರದ ಲೆಕ್ಕಗಳು. ಅವಳು ಒಂದೊಂದಕ್ಕೂ ಸರಿಯಾಗಿ ಹೇಳಿದಳು. ಬಸ್ಸಿನ ಲೆಕ್ಕಕ್ಕೆ ಮಾತ್ರ "ಕಂಡಕ್ಟರ್ ಸೇರಿಸ್ಬೇಕಾ ಬೇಡ್ವಾ?" ಎಂದು ಮೊದಲೇ ಕೇಳಿಕೊಂಡಳು. ದೊಡ್ಡ ಮಿಸ್ ತುಟಿ ಕಚ್ಚಿ ನಗು ತಡೆದದ್ದನ್ನು ನಾನು ನೋಡಿದೆ.

ಕೊನೆಗೆ ಅವರು ಸ್ಲೇಟು, ಬಳಪ ಅವಳ ಮುಂದೆ ತಳ್ಳಿದರು. "ನಿನಗೆ ಲೆಕ್ಕ ಬರತ್ತೆ, ಆಯ್ತು. ಆದ್ರೆ ಆ ಸೀಬೆಕಾಯಿ ಲೆಕ್ಕಾನ ಪುಸ್ತಕದಲ್ಲಿರೋ ಹಾಗೆ ಮಾಡಿ ತೋರಿಸ್ಬಿಡು. ಮೂವತ್ತು ಅಂತ ಬರಿ, ಪಾಸು ಮಾಡ್ತೀನಿ."

ಮುಗಿಯಿತು ಎಂದುಕೊಂಡೆ. ಒಂದು ಮೂವತ್ತು ಬರೆಯಲು ಎಷ್ಟು ಹೊತ್ತು? ಅವಳು ಬಳಪ ಮುಟ್ಟಲಿಲ್ಲ.

"ಬರ್ದ್‌ಬಿಡೇ" ಎಂದು ಪಿಸುಗುಟ್ಟಿದೆ. ಅಷ್ಟು ವಾದ ಮಾಡಲು ಬಂದವಳು ನಾನು, ಆ ಗಳಿಗೆಯಲ್ಲಿ ವಾದ ಗೀದ ಎಲ್ಲ ಬಿಟ್ಟು, ಅವಳು ನನ್ನ ಜೊತೆ ಐದನೇ ತರಗತಿಗೆ ಬಂದರೆ ಸಾಕು ಎಂದು ನಿಂತಿದ್ದೆ. "ಏನಾಗತ್ತೆ? ಒಂದ್ ಸಲ ಬರಿ."

"ಹಂಗೆ ಮಾರಿದ್ರೆ ಯಾರು ತಗೋತಾರೆ?" ಎಂದಳು, ನನಗಲ್ಲ, ಸ್ಲೇಟಿಗೆ.

ಕ್ಲಾಸ್ ಮಿಸ್ ಗಡಿಯಾರ ನೋಡಿದರು. ಹೊರಗೆ ಇನ್ನೂ ಮಕ್ಕಳು ಸಾಲಾಗಿ ನಿಂತಿದ್ದರು. ಅವಳು ನನ್ನ ಕಡೆ ಬಗ್ಗಿ ಕಿವಿಯಲ್ಲಿ ಕೇಳಿದಳು: "ಕಂಜೂಸ್‌ಗೆ ಕನ್ನಡದಲ್ಲಿ ಏನಂತಾರೆ?"

"ಜಿಪುಣ."

ಬಳಪ ಹಿಡಿದಳು. ನಿಧಾನವಾಗಿ, ನಮ್ಮ ಅಂಗಡಿಯ ಬೋರ್ಡಿನ ದಪ್ಪ ಅಕ್ಷರದಲ್ಲಿ ಮೇಲಿನ ಸಾಲು ಬರೆದಳು: 'ಈ ಅಂಗಡಿಯವನು ಜಿಪುಣ. ಕೊಸರು ಹಾಕುವುದಿಲ್ಲ.' ಅದರ ಕೆಳಗೆ ಗೆರೆ ಎಳೆದಳು. ಗೆರೆಯ ಕೆಳಗೆ ಐದು ಇಂಟು ಆರು ಮೂವತ್ತು, ಅರವತ್ತರಲ್ಲಿ ಮೂವತ್ತು ಹೋದರೆ ಮೂವತ್ತು.

ಹೀಗೆ ಮೊದಲೇ ಹೇಳಿಕೊಂಡು ಹೊರಡುವುದಕ್ಕೆ ಪೂರ್ವಕಲ್ಪನೆ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ. ಎದುರಾಳಿ ಎಷ್ಟೇ ಚೆನ್ನಾಗಿ ಮಾತಾಡಲಿ, ಅವರು ಹೇಳದೆ ಮುಚ್ಚಿಟ್ಟುಕೊಂಡದ್ದು ಏನು ಎಂದು ಮೊದಲು ಹುಡುಕು ಎಂದು ತರಬೇತಿ ಕೊಟ್ಟವರು ಹೇಳಿದರು. ಅದನ್ನು ಹೊಸ ವಿದ್ಯೆ ಎಂಬಂತೆ ಹೇಳಿದರು. ಆ ಲೆಕ್ಕ ಬರೆದವರು ಅಂಗಡಿಯವನ ಸ್ವಭಾವವನ್ನು ಹೇಳದೆ ಮುಚ್ಚಿಟ್ಟಿದ್ದರು. ಅದನ್ನು ಸ್ಲೇಟಿನ ಮೇಲೆ ತಂದಿಟ್ಟವಳನ್ನು ಫೇಲು ಎಂದಿದ್ದರು.

ಕ್ಲಾಸ್ ಮಿಸ್ ಸ್ಲೇಟು ನೋಡಿ, ಒದ್ದೆ ಬಟ್ಟೆಯನ್ನು ಅವಳ ಕೈಗೆ ಕೊಟ್ಟರು. "ಉತ್ತರ ಸರಿಯಾಗಿದೆ. ಮೇಲಿನ ಸಾಲು ಅಳಿಸು."

"ಅಳಿಸಲ್ಲ ಮಿಸ್."

"ಯಾಕೆ?"

"ಅಳಿಸಿದ್ರೆ ಉತ್ತರ ತಪ್ಪಾಗ್ತದೆ."

ಕ್ಲಾಸ್ ಮಿಸ್ ದೊಡ್ಡ ಮಿಸ್ ಕಡೆ ನೋಡಿದರು, ದೊಡ್ಡ ಮಿಸ್ ಸ್ಲೇಟು ನೋಡುತ್ತಿದ್ದರು. ಆ ಎರಡು ಸಾಲನ್ನು ಎಷ್ಟು ಸಲ ಓದಿದರೋ. ಆಮೇಲೆ ಅವಳ ಕೈಯಿಂದ ಬಟ್ಟೆ ತಾವೇ ತೆಗೆದುಕೊಂಡು ಮೇಜಿನ ಆಚೆ ಬದಿಗೆ ಇಟ್ಟರು.

"ಶಾಲೆ ಶುರುವಾದ ದಿನ ಐದನೇ ಕ್ಲಾಸಲ್ಲಿ ಹೋಗಿ ಕೂತ್ಕೋ" ಎಂದರು.

ಅವಳು ತಲೆಯಾಡಿಸಿದಳು. ಥ್ಯಾಂಕ್ಯೂ ಹೇಳಲಿಲ್ಲ. ಸರಿಯಾದ ಉತ್ತರಕ್ಕೆ ಯಾಕೆ ಹೇಳಬೇಕು? ಆದರೆ ನನ್ನ ಕಣ್ಣು ಮೇಜಿನ ಮೇಲೆ ಇನ್ನೂ ಹಾಗೇ ಬಿದ್ದಿದ್ದ ಉತ್ತರಪತ್ರಿಕೆಯ ಕೆಂಪು ಗುರುತಿನ ಮೇಲಿತ್ತು.

"ಮಿಸ್, ಹಂಗಾದ್ರೆ ಇಪ್ಪತ್ತೈದೂ ಸರೀನೇ ಅಲ್ವಾ? ಆ ಗುರುತು ಹೊಡೆದುಹಾಕಿ ಮಾರ್ಕ್ಸ್ ಕೊಡ್ಬೇಕಲ್ವಾ?"

"ಹೊರಗೆ ನಡಿ" ಎಂದರು ಕ್ಲಾಸ್ ಮಿಸ್.

"ಇಲ್ಲ ಮಿಸ್, ಜಿಪುಣ ಅಲ್ದೇ ಇರೋ ಅಂಗಡಿಯವನಾದ್ರೆ..."

ನನ್ನ ತೋಳು ಹಿಡಿದು ಬಾಗಿಲ ಆಚೆ ಬಿಟ್ಟರು. ಅವಳೂ ಹಿಂದೆಯೇ ಬಂದಳು. ಬಾಗಿಲು ಮುಚ್ಚುವ ಮೊದಲು ಸಂದಿಯಿಂದ ಮತ್ತೊಮ್ಮೆ ಕೇಳಿದೆ. ಗುರುತು ಹಾಗೇ ಉಳಿಯಿತು. ಅದು ತಪ್ಪು ಗುರುತು ಎಂದು ನಾನು ಇಲ್ಲಿ ಮತ್ತೆ ಹೇಳುತ್ತಿದ್ದೇನೆ, ಯಾರಾದರೂ ಅಲ್ಲ ಎನ್ನುವುದಾದರೆ ಬರಲಿ. ಅಂದು ಮೂರನೇ ಸಲ ಕೇಳೋಣವೆಂದು ಬಾಗಿಲು ಬಡಿಯಲು ಕೈ ಎತ್ತಿದ್ದೆ. ಅವಳು ನನ್ನ ಜಡೆ ಹಿಡಿದು ಎಳೆದಳು.

"ಸಾಕು ಬಾರೇ! ನಾನ್ ಪಾಸಾಗಿದೀನಿ. ಇನ್ನೊಂದ್ ಮಾತಾಡಿ ಫೇಲ್ ಮಾಡಿಸ್ಬೇಡ."